ಬಿಳೇಕಹಳ್ಳಿಯ ಸೆಕೆಂಡ್ ಹ್ಯಾಂಡ್ ಮಾರುತಿ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಬನ್ನೇರುಘಟ್ಟ ರಸ್ತೆ ಇನ್ನೂ ಪೂರ್ತಿ ಎಚ್ಚರವಾಗಿರುವುದಿಲ್ಲ. ಮೆಟ್ರೊ ಕಂಬಗಳ ನೆರಳು ಉದ್ದಕ್ಕೆ ಚಾಚಿಕೊಂಡಿರುತ್ತದೆ. ಒಂದು ಬದಿಗೆ ಐಐಎಂನ ಕಲ್ಲಿನ ಕಟ್ಟಡಗಳನ್ನು ಮರೆಮಾಡಿದ ಮರಗಳು, ಮತ್ತೊಂದು ಬದಿಗೆ ಆಸ್ಪತ್ರೆ, ಔಷಧಿ ಅಂಗಡಿ, ಇಡ್ಲಿ ಹೋಟೆಲು. ಇವುಗಳ ಹಿಂದೆ ಸರಿದು ಒಳಬೀದಿಗೆ ಹೊಕ್ಕರೆ ಬಿಳೇಕಹಳ್ಳಿ. ಅವಸರದ ನಾಲಿಗೆಯಲ್ಲಿ ಅದು ಬಿಳೇಕಳ್ಳಿ.

ಈ ಒಳಬೀದಿಗಳಲ್ಲಿ ಭಾನುವಾರ ಬೆಳಿಗ್ಗೆ ಒಂದು ಬಗೆಯ ಹೆಣ್ಣು ನೋಡುವ ಶಾಸ್ತ್ರ ನಡೆಯುತ್ತದೆ. ಗೇಟಿನ ಮುಂದೆ ಒಂದು ಕಾರು. ಸುತ್ತ ಮೂರು ಜನ. ಒಬ್ಬರು ಮಾರುವವರು, ಒಬ್ಬರು ಕೊಳ್ಳುವವರು, ಮೂರನೆಯವರು ಕೊಳ್ಳುವವರ ಜೊತೆ ಬಂದ 'ಗೊತ್ತಿರುವವರು'. ಈ ಗೊತ್ತಿರುವವರೇ ಬಾನೆಟ್ ಎತ್ತಿಸುವುದು, ಮಂಡಿಯೂರಿ ಅಡಿಗೆ ಇಣುಕುವುದು, ಟೈರಿಗೆ ಕಾಲಿನಿಂದ ಒಂದು ಏಟು ಕೊಡುವುದು. ಟೈರಿಗೆ ಒದೆಯುವುದರಿಂದ ಏನು ತಿಳಿಯುತ್ತದೋ ಯಾರೂ ಇದುವರೆಗೆ ವಿವರಿಸಿಲ್ಲ. ಆದರೆ ಒದೆಯದೆ ವ್ಯಾಪಾರ ಮುಂದುವರಿದದ್ದೂ ಇಲ್ಲ.

ವಿಜಯಾ ಬ್ಯಾಂಕ್ ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ ಹೀಗೆ ನಿಂತಿರುವುದು ಬಿಳಿಯ ಮಾರುತಿ 800. 1997ರ ಗಾಡಿ. ಒಡೆಯರು ನಿವೃತ್ತ ಬ್ಯಾಂಕ್ ನೌಕರರು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿಹೋಯಿತು. ಬಡಾವಣೆಯ ಹೆಸರು ಮಾತ್ರ ಉಳಿಯಿತು. ಅಕ್ಕಪಕ್ಕದ ಪ್ರದೇಶಕ್ಕೆ ಬ್ಯಾಂಕನ್ನು ಬೆಳೆಸಿದ ಮುಲ್ಕಿ ಸುಂದರರಾಮ ಶೆಟ್ಟರ ಹೆಸರೂ ಇದೆ. ಕಾರಿನ ಕಥೆಯೂ ಹಾಗೆಯೇ. ತಯಾರಿ ನಿಂತು ವರ್ಷಗಳಾದವು, ಬೀದಿಯಲ್ಲಿ ಮಾತ್ರ ಅದು ಇದೆ.

ಮೊದಲ ಮಾರುತಿ 800ರ ಬೀಗದ ಕೈಯನ್ನು ಅಂದಿನ ಪ್ರಧಾನಿ ಇಂದಿರಾ ಗಾಂಧಿ ದೆಹಲಿಯ ಹರ್ಪಾಲ್ ಸಿಂಗ್ ಎಂಬುವರ ಕೈಗಿತ್ತದ್ದು 1983ರ ಡಿಸೆಂಬರ್ 14ರಂದು. ಬೆಲೆ ಸುಮಾರು 47,500 ರೂಪಾಯಿ. 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್, ಮುಂದಿನ ಚಕ್ರಗಳಿಗೇ ಶಕ್ತಿ, ಹನ್ನೆರಡು ಅಂಗುಲದ ಪುಟ್ಟ ಚಕ್ರಗಳು. ಅಂಬಾಸಿಡರ್, ಪದ್ಮಿನಿಗಳಲ್ಲಿ ಕುಳಿತು ಅಭ್ಯಾಸವಾದವರು ಇದನ್ನು ಬೆಂಕಿಪೊಟ್ಟಣ ಎಂದು ನಕ್ಕರು. ನಕ್ಕವರೇ ಆಮೇಲೆ ಬುಕಿಂಗ್ ಸಾಲಿನಲ್ಲಿ ನಿಂತರು. ಹರ್ಪಾಲ್ ಸಿಂಗ್ 2010ರಲ್ಲಿ ತೀರಿಕೊಳ್ಳುವವರೆಗೂ ಆ ಮೊದಲ ಕಾರನ್ನು ಮಾರಲಿಲ್ಲ. ಅವರ ನಂತರ ಅದು ಬಿಸಿಲು ಮಳೆಗೆ ತುಕ್ಕು ಹಿಡಿದು ನಿಂತಿತ್ತು. ಕೊನೆಗೆ ಕಂಪನಿಯೇ ಅದನ್ನು ರಿಪೇರಿ ಮಾಡಿಸಿ ತನ್ನ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತು.

ಬಿಳೇಕಹಳ್ಳಿಯ ಈ ಬಿಳಿ ಗಾಡಿಗೆ ಅಂಥ ಭಾಗ್ಯವಿಲ್ಲ. ನಿವೃತ್ತರು ಅದನ್ನು ಕೊಂಡದ್ದು 2003ರಲ್ಲಿ, ಆರು ವರ್ಷ ಹಳೆಯದಾಗಿದ್ದಾಗ. ಹೊಸದು ಕೊಳ್ಳುವ ಶಕ್ತಿ ಇರಲಿಲ್ಲ. ಮಗಳ ಕಾಲೇಜು, ಮನೆಯ ಸಾಲ ಎರಡೂ ಒಟ್ಟಿಗೆ ಬಂದಿದ್ದವು. ಕೊಂಡ ದಿನದಿಂದ ಒಂದು ನೋಟ್ ಪುಸ್ತಕದಲ್ಲಿ ಲೆಕ್ಕ ಬರೆದಿದ್ದಾರೆ. ಬ್ಯಾಂಕಿನವರ ಅಭ್ಯಾಸ! ಪೆಟ್ರೋಲ್ ಎಷ್ಟು, ಎಷ್ಟು ಕಿಲೋಮೀಟರಿಗೆ ಎಣ್ಣೆ ಬದಲಾಯಿಸಿದ್ದು, ಕ್ಲಚ್ ಪ್ಲೇಟು ಯಾವಾಗ, ಟೈಮಿಂಗ್ ಬೆಲ್ಟು ಯಾವಾಗ, ಎಲ್ಲವೂ ಗುಂಡಗಿನ ಅಕ್ಷರದಲ್ಲಿ. ಕೊಳ್ಳಲು ಬಂದವರಿಗೆ ಅವರು ಕಾರಿಗಿಂತ ಮೊದಲು ಈ ಪುಸ್ತಕವನ್ನೇ ತೋರಿಸುತ್ತಾರೆ.

ಪುಸ್ತಕ ಓದಿದರೆ ಒಂದು ವಿಷಯ ತಿಳಿಯುತ್ತದೆ. ಈ ಗಾಡಿ ಕೆಡುವುದೇ ಇಲ್ಲ ಎಂಬುದು ಬರಿಯ ಮಾತು. ಕೆಡುತ್ತದೆ, ಆದರೆ ತಿಳಿಯುವ ಹಾಗೆ ಕೆಡುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರದಲ್ಲಿ ಟಕ್ ಟಕ್ ಎಂದರೆ ಆಕ್ಸಲ್ ಕೀಲು ಸವೆದಿದೆ. ಬೆಳಿಗ್ಗೆ ಚೋಕ್ ಎಳೆದರೂ ಎಂಜಿನ್ ಗೊಣಗಿದರೆ ಕಾರ್ಬ್ಯುರೇಟರಿನಲ್ಲಿ ಕಸ. ಹೊಗೆ ನೀಲಿಯಾದರೆ ಎಣ್ಣೆ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲ್ ಹೆಚ್ಚಾಗುತ್ತಿದೆ, ಎಂಜಿನ್ ಬಿಸಿಯೇರಿದ ಮೇಲೂ ಬೆಳ್ಳಗೆ ದಟ್ಟವಾಗಿದ್ದರೆ ನೀರು ಒಳಗೆ ಹೋಗುತ್ತಿದೆ. ಈ ಕಡೆಯದು ದುಬಾರಿ ಬಾಬತ್ತು. ಹೆಡ್ ಅಲ್ಯುಮಿನಿಯಂನದು, ಒಮ್ಮೆ ನೀರಿಲ್ಲದೆ ಕಾದರೆ ಸೊಟ್ಟಗಾಗುತ್ತದೆ. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಹಳೆಯ ಮಾರುತಿಗಳನ್ನು ಕೊಂದದ್ದು ವೇಗವಲ್ಲ, ನಿಲ್ಲುವಿಕೆ. ಗಾಡಿ ಓಡುತ್ತಿದ್ದರೆ ಗಾಳಿಯೇ ರೇಡಿಯೇಟರನ್ನು ತಂಪಾಗಿಡುತ್ತದೆ. ಜಯದೇವ ವೃತ್ತದಲ್ಲಿ ಅರ್ಧ ಗಂಟೆ ನಿಂತರೆ ಎಲ್ಲ ಭಾರವೂ ಆ ಪುಟ್ಟ ವಿದ್ಯುತ್ ಫ್ಯಾನಿನ ಮೇಲೆ. ಅದರ ಸ್ವಿಚ್ಚು ಕೈಕೊಟ್ಟ ದಿನ ಬಾನೆಟ್ಟಿನಿಂದ ಹಬೆ. 2020ರಲ್ಲಿ ಮೆಟ್ರೊಗಾಗಿ ಜಯದೇವ ಮೇಲ್ಸೇತುವೆ ಕೆಡವಿದ ನಂತರದ ವರ್ಷಗಳಲ್ಲಿ ನಿವೃತ್ತರ ಪುಸ್ತಕದಲ್ಲಿ ರೇಡಿಯೇಟರ್ ಎಂಬ ಪದ ಮೂರು ಸಲ ಬರುತ್ತದೆ. ಅದಕ್ಕೆ ಹಿಂದಿನ ಹದಿನೇಳು ವರ್ಷಗಳಲ್ಲಿ ಒಂದೇ ಸಲ.

ಎಂಜಿನ್ನಿಗಿಂತ ದೊಡ್ಡ ಶತ್ರು ತುಕ್ಕು. ಬಾಗಿಲಿನ ತಳ, ಬ್ಯಾಟರಿ ಕೂರಿಸುವ ತಟ್ಟೆ, ಕಾಲಡಿಯ ಮ್ಯಾಟಿನ ಕೆಳಗಿನ ತಗಡು, ಇವನ್ನು ನೋಡದೆ ಹೊಳಪು ಬಣ್ಣ ನೋಡಿ ದುಡ್ಡು ಕೊಟ್ಟವರು ಈ ಬೀದಿಗಳಲ್ಲಿ ಕಡಿಮೆಯೇನಿಲ್ಲ. ಅನುಭವಸ್ಥರು ಜೇಬಿನಲ್ಲಿ ಸಣ್ಣ ಅಯಸ್ಕಾಂತವೊಂದನ್ನು ಇಟ್ಟುಕೊಂಡು ಬರುತ್ತಾರೆ. ತಗಡಿದ್ದಲ್ಲಿ ಅದು ಕಚ್ಚುತ್ತದೆ, ತಗಡಿನ ಜಾಗದಲ್ಲಿ ಪುಟ್ಟಿ ಮೆತ್ತಿದ್ದರೆ ಜಾರಿ ಬೀಳುತ್ತದೆ. ಓಡಿದ ಕಿಲೋಮೀಟರುಗಳ ಅಂಕಿಯನ್ನು ಯಾರೂ ನಂಬುವುದಿಲ್ಲ. ಮೀಟರು ನಲವತ್ತು ಸಾವಿರ ತೋರಿಸುತ್ತಿದ್ದು ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ ಯಾವುದು ನಿಜ ಹೇಳುತ್ತಿದೆ ಎಂದು ಊಹಿಸುವುದು ಕಷ್ಟವಲ್ಲ. 'ವೈದ್ಯರು ಓಡಿಸಿದ ಗಾಡಿ' ಎಂದು ಜಾಹೀರಾತು ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಆ ಲೆಕ್ಕದಲ್ಲಿ ಬೆಂಗಳೂರಿನ ವೈದ್ಯರು ರೋಗಿಗಳನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಕಾರು ಓಡಿಸಿರಬೇಕು.

ಈ ಭಾಗದಲ್ಲಿ ಇನ್ನೊಂದು ಪರೀಕ್ಷೆಯೂ ಬೇಕು. ಪಕ್ಕದ ಊರು ಕೋಡಿಚಿಕ್ಕನಹಳ್ಳಿ. ಕೋಡಿ ಎಂದರೆ ಕೆರೆ ತುಂಬಿದಾಗ ನೀರು ಹೊರಹರಿಯುವ ಜಾಗ. ಊರಿನ ಹೆಸರೇ ಎಚ್ಚರಿಕೆ ಹೇಳುತ್ತಿದ್ದರೂ ಸೈಟು ಮಾಡಿದವರೂ ಕೊಂಡವರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 2016ರ ಜುಲೈ ಕೊನೆಯ ಮಳೆಯಲ್ಲಿ ಕೋಡಿಚಿಕ್ಕನಹಳ್ಳಿ, ಬಿಳೇಕಹಳ್ಳಿಯ ತಗ್ಗಿನ ಬೀದಿಗಳಲ್ಲಿ ನೀರು ನಿಂತು ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ರಸ್ತೆಯಲ್ಲೇ ಮೀನು ಹಿಡಿದವರ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಅಂಥ ಮಳೆಯಲ್ಲಿ ಸೀಟಿನವರೆಗೆ ಮುಳುಗಿದ ಕಾರು ತಿಂಗಳೊಪ್ಪತ್ತಿನಲ್ಲಿ ಒಣಗಿ, ಸೀಟಿನ ಬಟ್ಟೆ ಬದಲಾಗಿ, ಊದಿನಕಡ್ಡಿಯ ವಾಸನೆ ಹೊತ್ತು ಬೇರೆ ಬಡಾವಣೆಯ ಮಾರಾಟಕ್ಕೆ ಬರುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಸೀಟಿನ ಕೆಳಗಿನ ಹಳಿಗಳಿಗೆ ಬೆರಳು ಸವರಿ ನೋಡಿ ಎನ್ನುವುದು ಇಲ್ಲಿನ ಮೆಕ್ಯಾನಿಕ್ಕುಗಳ ಉಪದೇಶ. ಕೆಸರು ಅಲ್ಲಿ ಅಡಗಿ ಕುಳಿತಿರುತ್ತದೆ.

ಮೆಕ್ಯಾನಿಕ್ಕುಗಳ ಮಾತು ಬಂದಿತಲ್ಲ. ದೇವರಚಿಕ್ಕನಹಳ್ಳಿಯ ಕಡೆಗೆ ಹೋಗುವ ರಸ್ತೆಯಲ್ಲಿ ಒಬ್ಬರು ಹೊಂಗೆ ಮರದ ಕೆಳಗೆ ಕೆಲಸ ಮಾಡುತ್ತಾರೆ. ಅವರಿಗೆ ಕಂಪ್ಯೂಟರ್ ಬೇಡ. ಎಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ, ತುದಿಯನ್ನು ಎಂಜಿನ್ನಿಗೆ ತಾಗಿಸಿ, ವೈದ್ಯರ ಸ್ಟೆತಾಸ್ಕೋಪಿನಂತೆ ಕೇಳುತ್ತಾರೆ. ಬಿಡಿಭಾಗ ಬೇಕೆಂದರೆ ಜೆ.ಸಿ. ರಸ್ತೆಗೆ ಹುಡುಗನನ್ನು ಓಡಿಸುತ್ತಾರೆ. ಮಾರುತಿ 800ರ ನಂಬಿಕೆಯ ಗುಟ್ಟು ಎಂಜಿನ್ನಿನಲ್ಲಿ ಅರ್ಧ, ಈ ಮರದ ಕೆಳಗೆ ಇನ್ನರ್ಧ ಇದೆ ಎನ್ನಬಹುದು. ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಗಾಡಿಗಳು ಮಾರಾಟವಾದದ್ದರಿಂದ ಊರೂರಿನಲ್ಲೂ ಇದರ ಹೊಟ್ಟೆ ಬಗೆದು ನೋಡಿದ ಕೈಗಳಿದ್ದವು. ಇದಕ್ಕಿಂತ ಉತ್ತಮ ಎಂಜಿನ್ನಿನ ಎಷ್ಟೋ ಕಾರುಗಳು ಒಂದು ಸೆನ್ಸರ್ ಸಿಗದೆ ವಾರಗಟ್ಟಲೆ ನಿಂತದ್ದುಂಟು.

ಆದರೆ ಆ ಕೈಗಳಿಗೂ ವಯಸ್ಸಾಗುತ್ತಿದೆ. 2000ದ ಸುಮಾರಿಗೆ ಇದೇ ಗಾಡಿಗೆ ಕಾರ್ಬ್ಯುರೇಟರಿನ ಬದಲು ಫ್ಯುಯೆಲ್ ಇಂಜೆಕ್ಷನ್ ಬಂತು. ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಬಲ್ಲ ಹೊಸ ಹುಡುಗರು ಈಗ ಅಪರೂಪ. ಅದರ ಮೇಲೆ ಪೆಟ್ರೋಲೇ ಬದಲಾಯಿತು. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. 2025ರ ಹೊತ್ತಿಗೆ ಅದು ದೇಶದ ಬಂಕುಗಳನ್ನೆಲ್ಲ ತುಂಬಿತು. ಎಥೆನಾಲ್ ನೀರನ್ನು ಹೀರುತ್ತದೆ, ಅದಕ್ಕಾಗಿ ಮಾಡದ ಹಳೆಯ ರಬ್ಬರು ಕೊಳವೆಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಮೆತ್ತಗೆ ಮಾಡುತ್ತದೆ. ಮೈಲೇಜೂ ಇಳಿಯುತ್ತದೆ. ಹಳೆಯ ಇಂಧನಕ್ಕೆ ರೂಪಿಸಿದ ಕಾರುಗಳಲ್ಲಿ ಶೇ 6–7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. 2000ದ ಫೆಬ್ರುವರಿಯಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದಾಗಲೂ ಹಳೆಯ ಎಂಜಿನ್ನುಗಳ ಕಥೆ ಮುಗಿಯಿತೆಂಬ ಗುಸುಗುಸು ಎದ್ದಿತ್ತು, ಮುಗಿಯಲಿಲ್ಲ. ಈ ಸಲವೂ ನಿವೃತ್ತರು ಪೆಟ್ರೋಲ್ ಕೊಳವೆಗಳನ್ನೆಲ್ಲ ಬದಲಾಯಿಸಿ, ದಿನಾಂಕ ಬರೆದು, ಟ್ಯಾಂಕನ್ನು ಖಾಲಿ ಬಿಡದೆ ಓಡಿಸುತ್ತಿದ್ದಾರೆ. ತಿಂಗಳಾನುಗಟ್ಟಲೆ ನಿಲ್ಲಿಸಿಟ್ಟ ಗಾಡಿಗೇ ಈ ಪೆಟ್ರೋಲಿನ ಉಪದ್ರವ ಹೆಚ್ಚು ಎಂಬುದು ಮರದ ಕೆಳಗಿನವರ ಅಭಿಪ್ರಾಯ.

ಇಷ್ಟೆಲ್ಲ ಮಾಡಿದ ಮೇಲೂ ಕಾರನ್ನು ಉಳಿಸುವುದೋ ಬಿಡುವುದೋ ಎಂಬುದನ್ನು ತೀರ್ಮಾನಿಸುವುದು ಎಂಜಿನ್ ಅಲ್ಲ, ಕಾಗದ. ಖಾಸಗಿ ಕಾರಿನ ನೋಂದಣಿಗೆ 15 ವರ್ಷ ಆಯುಷ್ಯ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ, ಹಸಿರು ತೆರಿಗೆ ಕಟ್ಟಿ ನವೀಕರಿಸಬೇಕು. 2022ರ ಮಾರ್ಚ್‌ವರೆಗೆ ಇದಕ್ಕೆ ಶುಲ್ಕ 600 ರೂಪಾಯಿ. ಆ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ ಹೊರಬಿದ್ದ ತಿದ್ದುಪಡಿಯಂತೆ 20 ವರ್ಷ ದಾಟಿದ ಕಾರಿಗೆ 10,000. ಬೆಂಗಳೂರಿನ ಲೆಕ್ಕದಲ್ಲಿ ಇದಕ್ಕೊಂದು ವಿಶೇಷ ಅರ್ಥವಿದೆ. 2010ರ ಏಪ್ರಿಲ್‌ನಲ್ಲಿ ಹೊಸ ಮಾಲಿನ್ಯ ನಿಯಮ ಬಂದಾಗ ಬೆಂಗಳೂರೂ ಸೇರಿ 13 ನಗರಗಳಲ್ಲಿ ಮಾರುತಿ 800ರ ಮಾರಾಟ ನಿಂತುಹೋಯಿತು. ತಯಾರಿ ಪೂರ್ತಿ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ಬೆಂಗಳೂರಿನಲ್ಲೇ ಹೊಸದಾಗಿ ಮಾರಾಟವಾದ ಕಟ್ಟಕಡೆಯ 800 ಕೂಡ 2025ಕ್ಕೆ ಹದಿನೈದು ತುಂಬಿತು. ಈ ಊರಿನ ಪ್ರತಿಯೊಂದು ಮಾರುತಿ 800ರ ಒಡೆಯರೂ ಒಂದಲ್ಲ ಒಂದು ಸಲ ಆ ಕಿಟಕಿಯ ಮುಂದೆ ನಿಂತು ತಮ್ಮ ಕಾರಿಗೆ ಬೆಲೆ ಕಟ್ಟಲೇಬೇಕು.

ಬಿಳಿ ಗಾಡಿಯ ನವೀಕರಣ 2022ರ ಫೆಬ್ರುವರಿಯಲ್ಲಿ 600 ರೂಪಾಯಿಗೆ ಮುಗಿದಿತ್ತು. ಮುಂದಿನ ಸರದಿ 2027ರದು. ಹತ್ತು ಸಾವಿರ ಶುಲ್ಕ, ತಪಾಸಣೆಗೆ ಮುನ್ನ ತುಕ್ಕಿನ ರಿಪೇರಿ, ನಾಲ್ಕು ಟೈರು. ಗಾಡಿ ಮಾರಿದರೆ ಬರುವ ದುಡ್ಡಿಗಿಂತ ಉಳಿಸಿಕೊಳ್ಳುವ ಖರ್ಚೇ ಹೆಚ್ಚು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದ ಮೇಲಂತೂ ಹಳೆಯದನ್ನು ಕೇಳುವವರೂ ಚೌಕಾಶಿ ಬಿಗಿ ಮಾಡಿದ್ದಾರೆ. ಹೊರದೇಶದಲ್ಲಿರುವ ಮಗಳು ಫೋನಿನಲ್ಲಿ ಪ್ರತಿ ಭಾನುವಾರ ಹೇಳುವುದು ಒಂದೇ: ಏರ್‌ಬ್ಯಾಗ್ ಇಲ್ಲದ ಗಾಡಿ, ಕೊಟ್ಟುಬಿಡಿ, ಬೇಕೆಂದಾಗ ಟ್ಯಾಕ್ಸಿ ಕರೆಸಿ. ಅವಳ ಮಾತಿನಲ್ಲಿ ತಪ್ಪಿಲ್ಲ. ಡಿಕ್ಕಿಯಾದರೆ ಆ ತೆಳು ತಗಡು ಯಾರನ್ನೂ ಕಾಯುವುದಿಲ್ಲ.

ಮಾರಾಟದ ಚೀಟಿ ಅಂಟಿಸಿದ್ದೂ ಅವಳ ಒತ್ತಾಯಕ್ಕೇ. ಚೀಟಿಗೆ ಅಡ್ಡ ನಿಂತವರು ಮನೆಯಾಕೆ. 2011ರ ಮಳೆಗಾಲದ ಒಂದು ರಾತ್ರಿ ಎರಡು ಗಂಟೆಗೆ ಅವರಿಗೆ ಎದೆ ಹಿಡಿದುಕೊಂಡಿತ್ತು. ಟ್ಯಾಕ್ಸಿ ಕರೆಸುವ ಫೋನುಗಳ ಕಾಲವಲ್ಲ ಅದು. ಬೀದಿಯಲ್ಲಿ ಆಟೊ ಇರಲಿಲ್ಲ. ಮೂರು ದಿನದಿಂದ ಮಳೆಯಲ್ಲಿ ನೆನೆದು ನಿಂತಿದ್ದ ಗಾಡಿ ಚೋಕ್ ಎಳೆದು ಎರಡನೆಯ ಸಲ ಕೀಲಿ ತಿರುವಿದಾಗ ಹೊತ್ತಿಕೊಂಡಿತು. ಜಯದೇವ ಆಸ್ಪತ್ರೆಗೆ ಇಲ್ಲಿಂದ ಮೂರು ಕಿಲೋಮೀಟರಿನ ಆಸುಪಾಸು. ನೋಟ್ ಪುಸ್ತಕದಲ್ಲಿ ಆ ದಿನದ ಸಾಲಿನಲ್ಲಿರುವುದು ಇಷ್ಟೇ: ಹೋಗಿ ಬಂದದ್ದು, 7 ಕಿ.ಮೀ.

ಇಂದು ನೋಡಲು ಬಂದವರು ಹೊಸದಾಗಿ ಮದುವೆಯಾದ ಹುಡುಗ, ಅವನ ಸೋದರಮಾವ. ಹುಡುಗನಿಗೆ ಡ್ರೈವಿಂಗ್ ಕಲಿಯಲು ಒಂದು ಗಾಡಿ ಬೇಕು. ಸೋದರಮಾವ ಗೊತ್ತಿರುವವರು. ಅಯಸ್ಕಾಂತ ಸವರಿದ್ದಾಯಿತು, ಟೈರಿಗೆ ಒದ್ದದ್ದಾಯಿತು. ಒಂದು ಸುತ್ತು ಕೋಡಿಚಿಕ್ಕನಹಳ್ಳಿ ಮುಖ್ಯರಸ್ತೆಯವರೆಗೆ ಹೋಗಿ ಬಂದರು. ಹುಡುಗ ಎರಡು ಸಲ ಎಂಜಿನ್ ಆರಿಸಿದ, ನಿವೃತ್ತರು ಪಕ್ಕದ ಸೀಟಿನಲ್ಲಿ ಕುಳಿತು ಕ್ಲಚ್ ನಿಧಾನ ಬಿಡು ಎಂದರು.

ಮರಳಿ ಬಂದು ಗೇಟಿನ ಮುಂದೆ ಇಳಿದಾಗ ಸೋದರಮಾವ ಒಂದು ಬೆಲೆ ಹೇಳಿದರು. ಬೆಲೆ ಕಡಿಮೆಯೇನಿರಲಿಲ್ಲ. ನಿವೃತ್ತರು ಮನೆಯೊಳಗೆ ನೋಡಿದರು. ಕಿಟಕಿಯ ಪರದೆ ಸರಿದಿತ್ತು. ಹುಡುಗ ನೋಟ್ ಪುಸ್ತಕವನ್ನು ಹಿಂದಿರುಗಿಸಲು ಕೈ ಚಾಚಿದ.

"ಇರಲಿ, ಓದಿ ನೋಡಿ. ಮುಂದಿನ ಭಾನುವಾರ ತಂದುಕೊಡಿ. ಗಾಡಿ ಕೊಡುತ್ತೇನೋ ಇಲ್ಲವೋ ಅಂದು ಹೇಳುತ್ತೇನೆ" ಎಂದ ಅವರು ಬಾನೆಟ್ ಇಳಿಸಿ, ಹಳೆಯ ಪಂಚೆಯ ತುಂಡಿನಿಂದ ಗಾಜು ಒರೆಸತೊಡಗಿದರು.