ನಿಲ್ಲಿಸಿ ನೋಡಬೇಕಾದ ಪಾಠ

ಬ್ಲೌಸ್ ಕಟಿಂಗ್ ಕಲಿಸುವ ವಿಡಿಯೋಗಳಲ್ಲಿ ನನಗೆ ಮೊದಲು ಅರ್ಥವಾಗದ್ದು ಕ್ಯಾಮೆರಾ ಇಡುವ ಜಾಗ. ಅದು ಕಲಿಸುವವರ ಎದುರಿಗೇ ಏಕಿರಬೇಕು? ಅವರ ಬಲಗೈ ನಮಗೆ ಎಡಗಡೆ ಕಾಣುತ್ತದೆ, ಟೇಪಿನ ಅಂಕಿಗಳು ತಲೆಕೆಳಗು, ಕತ್ತರಿ ನಮ್ಮತ್ತಲೇ ನುಗ್ಗಿ ಬರುತ್ತದೆ. ಕಲಿಯುವವಳು ಪ್ರತಿ ಸಲವೂ ಅದನ್ನೆಲ್ಲ ಮನಸ್ಸಿನಲ್ಲೇ ತಿರುಗಿಸಿ ಹಾಕಿಕೊಳ್ಳಬೇಕು. ಕ್ಯಾಮೆರಾವನ್ನು ಹೆಗಲ ಹಿಂದಿಟ್ಟರೆ ಈ ಕಷ್ಟವೇ ಇಲ್ಲ. ಕಲಿಸುವವರ ಮುಖ ಕಾಣುವುದಿಲ್ಲ, ಅಷ್ಟೆ. ಬಹುಶಃ ತೊಂದರೆ ಇರುವುದೇ ಅಲ್ಲಿ.

*

ಅಳತೆ, ಮಡಿಕೆ, ಚಾಕ್‌ಪೀಸಿನ ಗೆರೆ ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಕಂಕುಳಿನ ತಿರುವು ಬಂದಾಗ ಮಾತ್ರ "ಇಲ್ಲಿ ಹೀಗೆ ಸ್ವಲ್ಪ ಶೇಪ್ ಕೊಟ್ಕೊಳ್ಳಿ, ತುಂಬಾ ಸುಲಭ" ಅಂದು ಮುಂದಕ್ಕೆ ಹೋಗಿಬಿಡುತ್ತಾರೆ. ಬ್ಲೌಸ್ ಕೆಡುವುದು ಅಲ್ಲೇ. ಅವರು ಗುಟ್ಟು ಮಾಡುತ್ತಿದ್ದಾರೆ ಅನ್ನಲಾರೆ. ನೂರಾರು ಬ್ಲೌಸ್ ಕತ್ತರಿಸಿದ ಕೈಗೆ ಅಲ್ಲೊಂದು ತೊಡಕಿದೆ ಅನ್ನುವುದೇ ಮರೆತುಹೋಗಿರುತ್ತದೆ.

*

ಈ ಮರೆವಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಪ್ರೊ. ಕಣ್ಣನ್ ಮೌದ್ಗಲ್ಯ ಅವರ ಮುಂದಾಳತ್ವದಲ್ಲಿ ಬೆಳೆದ ಯೋಜನೆ ಇದು. ಉಚಿತ ತಂತ್ರಾಂಶಗಳನ್ನು ಹತ್ತು ನಿಮಿಷದ ಆಸುಪಾಸಿನ ಪಾಠಗಳಲ್ಲಿ ಕಲಿಸುತ್ತದೆ, ಕನ್ನಡದಲ್ಲೂ ಕೇಳಬಹುದು. ಸ್ಕ್ರಿಪ್ಟ್‌ಗೆ ಎರಡು ಕಾಲಂ: ಒಂದರಲ್ಲಿ ಪರದೆಯ ಮೇಲೆ ನಡೆಯುವುದು, ಇನ್ನೊಂದರಲ್ಲಿ ಆಗ ಆಡುವ ಮಾತು. ಮಾತಿಲ್ಲದೆ ಮೌಸ್ ಅಲುಗಾಡಿದರೆ ಕಾಗದದ ಮೇಲೇ ಸಿಕ್ಕಿಬೀಳುತ್ತದೆ. ರೆಕಾರ್ಡಿಂಗ್‌ಗೆ ಮೊದಲು ಆ ಸ್ಕ್ರಿಪ್ಟನ್ನು ವಿಷಯ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಮಾಡಿ ನೋಡಿಸುತ್ತಾರೆ. ಆತ ಎಲ್ಲಿ ತಡವರಿಸುತ್ತಾನೋ ಅಲ್ಲಿ ಸ್ಕ್ರಿಪ್ಟ್ ತಿದ್ದಬೇಕು. ಅಂದರೆ ಇಡೀ ತಯಾರಿಯಲ್ಲಿ ಬೆಲೆಬಾಳುವ ಮನುಷ್ಯ ಏನೂ ಗೊತ್ತಿಲ್ಲದವನು! ಗೊತ್ತಿಲ್ಲದಿರುವುದಕ್ಕೆ ಬೇರೆಲ್ಲೂ ಇಷ್ಟು ಮರ್ಯಾದೆ ಸಿಕ್ಕಿದ್ದು ನಾನು ಕಂಡಿಲ್ಲ.

ಇಲ್ಲಿ ಇನ್ನೊಂದು ಸೋಜಿಗ. ದನಿ ಕನ್ನಡದ್ದಾದರೂ ಪರದೆಯ ಮೇಲಿನ ಮೆನು ಇಂಗ್ಲಿಷಿನದೇ. ಮುಂದೆ ಕೆಲಸಕ್ಕೆ ಸೇರಿದ ಕಡೆ ಕಾಣುವುದು ಇಂಗ್ಲಿಷ್ ಮೆನುವೇ ಎಂಬುದು ಅವರ ಸಮಜಾಯಿಷಿ. ಒಪ್ಪಬೇಕೋ ಬೇಸರಪಡಬೇಕೋ ತಿಳಿಯದು.

*

1975ರ ಆಗಸ್ಟ್ 1. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಶುರುವಾಯಿತು. ನಮ್ಮಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಒಂದು ವರ್ಷ ನಡೆಯಿತು. ಬೇಸಾಯದ ಮಾತು ಆಕಾಶದಿಂದ ಬರುತ್ತಿತ್ತು. ಆದರೆ "ತಡಿ, ಇನ್ನೊಮ್ಮೆ ತೋರಿಸು" ಅಂತ ಆಕಾಶಕ್ಕೆ ಹೇಳುವುದು ಹೇಗೆ?

ಆ ಪ್ರಶ್ನೆಗೆ ಉತ್ತರ ಬಂದಿದ್ದು ಬೆಂಗಳೂರಿನಲ್ಲಿ, ಮೂರು ದಶಕಗಳ ಮೇಲೆ. 2006ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಹುಟ್ಟಿದ ಡಿಜಿಟಲ್ ಗ್ರೀನ್, ರೈತರಿಂದಲೇ ವಿಡಿಯೋ ಮಾಡಿಸಿ ರೈತರಿಗೇ ತೋರಿಸಿತು. ಮೊದಲ ಪ್ರಯೋಗ ನಡೆದದ್ದು ಕರ್ನಾಟಕದ ಹಳ್ಳಿಗಳಲ್ಲಿ. ತೋರಿಸುವವರು ಊರಿನವರೇ. ನಡುನಡುವೆ ವಿಡಿಯೋ ನಿಲ್ಲಿಸಿ ಪ್ರಶ್ನೆ ಕೇಳುವುದು ಅವರ ಕೆಲಸ. ನೋಡಿದ ರೈತರು ಮೊದಲು ವಿಚಾರಿಸುತ್ತಿದ್ದದ್ದು ಗೊಬ್ಬರದ ಲೆಕ್ಕವನ್ನಲ್ಲ, ಪರದೆಯ ಮೇಲಿನವನ ಹೆಸರೇನು, ಯಾವೂರವನು ಎಂದು. ಪರಿಚಯದ ಕೈ ಮಾಡಿ ತೋರಿಸಿದ್ದನ್ನಷ್ಟೇ ನಂಬುವುದು ನಮ್ಮ ಜನರ ಹಳೆಯ ಚಾಳಿ. ಅದು ತಪ್ಪೇನಲ್ಲ. ಹಾಗಾದರೆ ಬ್ಲೌಸ್ ಕಲಿಸುವವರಿಗೆ ಮುಖ ಬೇಡ ಅಂದೆನಲ್ಲ? ಮುಖ ಆರಂಭದಲ್ಲಿ ಇರಲಿ. ಕತ್ತರಿ ಹಿಡಿದ ಮೇಲೆ ಕೈ ಸಾಕು.

*

ಯೂಟ್ಯೂಬ್ 2012ರಿಂದ ವಿಡಿಯೋಗಳನ್ನು ಮುಂದೆ ತರುವಾಗ ಎಷ್ಟು ಜನ ಒತ್ತಿದರು ಎನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ತೂಕ ಕೊಡುತ್ತಿದೆ. ಗೊಂದಲ ಶುರುವಾಗುವುದು ಇಲ್ಲಿ. ಪಾಠದ ವಿಡಿಯೋ ಚೆನ್ನಾಗಿದ್ದರೆ ಜನ ಅದನ್ನು ನಿಲ್ಲಿಸುತ್ತಾರೆ, ಬಟ್ಟೆ ಹಿಡಿಯುತ್ತಾರೆ, ಕೆಲಸ ಮುಗಿದೊಡನೆ ಮುಚ್ಚಿ ಹೋಗುತ್ತಾರೆ. ಕೆಟ್ಟ ಪಾಠದಲ್ಲಿ ಬೇಕಾದ ಮಾತಿಗಾಗಿ ಕಾಯುತ್ತ ಕೂರುತ್ತಾರೆ. ಹಾಗಾದರೆ ನೋಡಿದ ಹೊತ್ತಿನ ಲೆಕ್ಕದಲ್ಲಿ ಗೆಲ್ಲುವುದು ಯಾವುದು? ಐದು ನಿಮಿಷದ ಪೀಠಿಕೆ, ಬೆಲ್ ಬಟನ್ನಿನ ಪ್ರಾರ್ಥನೆ ಎಲ್ಲಿಂದ ಬಂತೆಂದು ಈಗ ಒಂದಿಷ್ಟು ಹೊಳೆಯುತ್ತದೆ.

*

"ಆರು ನಿಮಿಷ ಮೀರಬೇಡಿ" ಎಂದು ವಿಡಿಯೋ ಮಾಡುವವರೆಲ್ಲ ಹೇಳುತ್ತಾರೆ. ಇದರ ಮೂಲ ಎಡ್‌ಎಕ್ಸ್ ತರಗತಿಗಳ 69 ಲಕ್ಷ ವೀಕ್ಷಣೆಗಳನ್ನು ತಿರುವಿಹಾಕಿದ 2014ರ ಅಧ್ಯಯನ. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತ್ತು: ಉಪನ್ಯಾಸವನ್ನು ನೋಡುವ ರೀತಿಯೇ ಬೇರೆ, ಮಾಡಿ ತೋರಿಸುವ ಪಾಠವನ್ನು ನೋಡುವ ರೀತಿಯೇ ಬೇರೆ. ಎರಡನೆಯದನ್ನು ಜನ ಮತ್ತೆ ಮತ್ತೆ ತೆರೆದು, ಬೇಕಾದ ಕಡೆಗೆ ಹಾರಿ ನೋಡುತ್ತಾರೆ. ಆ ಅರ್ಧ ಯಾರ ಬಾಯಲ್ಲೂ ಇಲ್ಲ.

*

2018ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ. ಪಾತ್ರೆಗಳು ಬೀಳದಂತೆ ಮೇಜಿನ ಬಟ್ಟೆ ಎಳೆಯುವ ಚಮತ್ಕಾರದ ವಿಡಿಯೋವನ್ನು ಕೆಲವರಿಗೆ ಒಂದು ಸಲ, ಕೆಲವರಿಗೆ ಇಪ್ಪತ್ತು ಸಲ ತೋರಿಸಿದರು. ಇಪ್ಪತ್ತು ಸಲ ನೋಡಿದವರಿಗೆ ತಾವೂ ಮಾಡಬಲ್ಲೆವೆಂಬ ನಂಬಿಕೆ ಹೆಚ್ಚಿತ್ತು. ಇಂಥದೇ ಪರೀಕ್ಷೆಯಲ್ಲಿ ಡಾರ್ಟ್ ಎಸೆಯಲು ಹಚ್ಚಿದಾಗ, ಹೆಚ್ಚು ಸಲ ನೋಡಿದವರ ಗುರಿ ಏನೂ ಸುಧಾರಿಸಿರಲಿಲ್ಲ.

ಹಾಗಾಗಿ ವಿಡಿಯೋ ಮಾಡುವವರಲ್ಲಿ ಒಂದು ಕೋರಿಕೆ. ಅಪ್‌ಲೋಡ್ ಮಾಡುವ ಮುನ್ನ ಮನೆಯಲ್ಲೋ ಪಕ್ಕದ ಮನೆಯಲ್ಲೋ ಆ ಕೆಲಸ ಬಾರದ ಒಬ್ಬರನ್ನು ಕೂರಿಸಿ, ಸಾಮಾನು ಕೈಗೆ ಕೊಟ್ಟು, ವಿಡಿಯೋ ಹಚ್ಚಿ. ನೀವು ಮಾತ್ರ ಬಾಯಿ ಬಿಡಬೇಡಿ.