ಕಡಲಿಂದ ಕಾಡಿಗೆ, ಕಾಳಿಯ ಗುಂಟ

ಮರವಂತೆಯಲ್ಲಿ ಕಾರಿನ ಎರಡೂ ಬದಿಯ ಗಾಜು ಇಳಿಸಬೇಕು. ಕುಂದಾಪುರ ದಾಟಿ ಉತ್ತರಕ್ಕೆ ಹೊರಟರೆ ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಎಡಗಿವಿಗೆ ಅಲೆಗಳ ಮೊರೆತ. ಬಲಗಡೆ ದೋಣಿಗಳು ಅಲುಗದೆ ನಿಂತಿರುತ್ತವೆ. ಕರಾವಳಿಯಲ್ಲಿ ಕಾರು ಓಡಿಸುವ ಹುಚ್ಚು ನನಗೆ ಹತ್ತಿದ್ದೇ ಈ ರಸ್ತೆಯಿಂದ.

ಇಲ್ಲಿಂದ ಮುಂದೆ ಹೊನ್ನಾವರದಲ್ಲಿ ಶರಾವತಿ, ಕುಮಟಾ ದಾಟಿದ ಮೇಲೆ ಅಘನಾಶಿನಿ, ಅಂಕೋಲೆಗೆ ಮೊದಲು ಗಂಗಾವಳಿ. ಪ್ರತಿ ಸೇತುವೆಯ ಮೇಲೂ ಕಣ್ಣು ತಾನಾಗಿಯೇ ಬಲಕ್ಕೆ, ಘಟ್ಟದ ನೀಲಿ ಗೆರೆಯತ್ತ ಹೊರಳುತ್ತದೆ. ಬೀಚುಗಳನ್ನಷ್ಟೇ ನೋಡಿ ಊರಿಗೆ ಮರಳುವವರನ್ನು ಕಂಡರೆ ನನಗೆ ಮರುಕ. ಈ ಕಡಲಿನ ಅರ್ಧ ಕಥೆ ಇರುವುದು ಮೇಲಿನ ಕಾಡಿನಲ್ಲಿ. ಅದಕ್ಕೇ, ಸಮುದ್ರ ಕಂಡ ಮೇಲೆ ಒಂದು ನದಿಯ ಜಾಡು ಹಿಡಿದು ಘಟ್ಟ ಹತ್ತುವುದು ನನ್ನ ಪದ್ಧತಿ. ಹೆಚ್ಚಾಗಿ ಹಿಡಿಯುವುದು ಕಾಳಿಯನ್ನು.

ಅದು ಕಡಲು ಸೇರುವ ಕಾರವಾರದಲ್ಲಿ ಇಳಿತದ ಹೊತ್ತಿಗೆ ದಂಡೆಗೆ ಹೋಗಬೇಕು. ಒದ್ದೆ ಮರಳಿನಲ್ಲಿ ಸಣ್ಣ ಸಣ್ಣ ಏಡಿಗಳು. ಹೆಜ್ಜೆಯ ಸದ್ದಿಗೆ ಎಲ್ಲವೂ ಬಿಲ ಸೇರುತ್ತವೆ. ಕುಕ್ಕರಗಾಲಿನಲ್ಲಿ ಮಿಸುಕದೆ ಕೂತರೆ ಒಂದೊಂದಾಗಿ ಹೊರಬರುತ್ತವೆ. ಕೊಂಡಿಗಳಿಂದ ಮರಳು ಎತ್ತಿ ಬಾಯಿಗೆ ಹಾಕಿ, ಅದಕ್ಕೆ ಅಂಟಿದ ಆಹಾರದ ಕಣವನ್ನು ಸೋಸಿಕೊಂಡು, ಉಳಿದ ಮರಳನ್ನು ಉಂಡೆ ಮಾಡಿ ಬಿಡುತ್ತವೆ. ನೋಡನೋಡುತ್ತ ಬಿಲದ ಸುತ್ತ ಉಂಡೆಗಳ ಸಾಲು ಬೆಳೆಯುತ್ತದೆ. ಭರತ ಬಂದು ಎಲ್ಲವನ್ನೂ ಅಳಿಸಿದರೆ ಮುಂದಿನ ಇಳಿತಕ್ಕೆ ಮತ್ತೆ ಶುರು. ಇದನ್ನು ನೋಡುತ್ತ ನನಗೆ ಊಟದ ಹೊತ್ತು ಮೀರಿದ್ದಿದೆ.

ಕದ್ರಾ ಕಡೆ ತಿರುಗಿದರೆ ಉಪ್ಪುಗಾಳಿ ಹಿಂದೆ ಉಳಿಯುತ್ತದೆ. ಮುಂದೆ ಅಣಶಿ ಘಟ್ಟ. ಎಸಿ ಬಂದ್ ಮಾಡಿ, ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸಿ, ಎಂಜಿನ್ನಿನ ದನಿ ಕೇಳುತ್ತ ಏರುವ ಸುಖವೇ ಬೇರೆ. ಹಾರ್ನ್ ಮಾತ್ರ ಬೇಡ. ಇದು ಪ್ರಾಣಿಗಳ ಮನೆ. ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿಯದೇ ಹೆಸರು ಬಂತು. ಜೋಯಿಡಾದ ಚಹಾದಂಗಡಿಯಲ್ಲಿ ಒಬ್ಬರು ಹೇಳಿದ್ದು ಈಗಲೂ ನನ್ನ ನಿಯಮ: “ಸಾವಕಾಶ ಹೋಗ್ರಿ ಸರ, ಸಂಜಿ ಮುಂದ ಕಾಡಕೋಣ ರಸ್ತೆಕ್ಕ ಬರ್ತಾವ.”

ಕರಿಚಿರತೆಯನ್ನೇ ನೋಡಬೇಕೆಂದು ದಾಂಡೇಲಿಗೆ ಬರುವವರು ಬಹಳ. ನನ್ನ ಜೀವ ಮಂಗಟ್ಟೆ ಹಕ್ಕಿಯ ಮೇಲೆ. ದೊಡ್ಡ ಮಂಗಟ್ಟೆ ಕಾಣುವ ಮೊದಲೇ ಕೇಳುತ್ತದೆ, ಮರಗಳ ಮೇಲೆ ಉಗಿಬಂಡಿ ಹೊರಟ ಹಾಗೆ ರೆಕ್ಕೆಯ ಸದ್ದು. ಗೂಡಿನ ಕಾಲಕ್ಕೆ ಹೆಣ್ಣು ಮರದ ಪೊಟರೆ ಹೊಕ್ಕು, ಬಾಗಿಲನ್ನು ತನ್ನ ಹಿಕ್ಕೆಯಿಂದ ಮೆತ್ತಿ, ಕೊಕ್ಕು ತೂರುವಷ್ಟೇ ಸೀಳು ಉಳಿಸಿಕೊಳ್ಳುತ್ತದೆ. ದೂರದ ಮರದ ಮರೆಯಲ್ಲಿ ನಿಂತು ದುರ್ಬೀನಿನಲ್ಲಿ ನೋಡಿದ್ದೇನೆ: ಗಂಡು ಬಂದು ಕೂತು, ಕತ್ತು ಕೊಂಚ ಕುಲುಕಿ, ಗಂಟಲಲ್ಲಿ ತುಂಬಿ ತಂದ ಅತ್ತಿಹಣ್ಣನ್ನು ಒಂದೊಂದಾಗಿ ಕೊಕ್ಕಿನ ತುದಿಗೆ ತಂದು, ಸೀಳಿನೊಳಗೆ ದಾಟಿಸುತ್ತದೆ. ಅವಸರವಿಲ್ಲ, ಒಂದು ಹಣ್ಣೂ ಕೆಳಗೆ ಬೀಳುವುದಿಲ್ಲ. ಹಳೆಯ ದಪ್ಪ ಮರ ಉಳಿದರೆ ಮಾತ್ರ ಪೊಟರೆ, ಅತ್ತಿ-ಆಲ ಉಳಿದರೆ ಮಾತ್ರ ಊಟ. ತಿಂದ ಹಣ್ಣಿನ ಬೀಜವನ್ನು ದೂರ ದೂರ ಒಯ್ದು ಹಾಕಿ ಕಾಡು ಬೆಳೆಸುವುದೂ ಇದೇ ಹಕ್ಕಿ.

ಇನ್ನೊಮ್ಮೆ ಹೊರಟಾಗ ಕಾಳಿಯ ಬದಲು ಅಘನಾಶಿನಿ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆಗೆ. ಆ ಕಣಿವೆಯ ಕಾಡುಗಳಲ್ಲಿ ಸಿಂಗಳೀಕಗಳಿವೆ.