“ನಿನ್ನೆ ಹೇಳುತ್ತಿದ್ದೆವು…”

ಸ್ಪೇನ್ ದೇಶದ ರಾಜಧಾನಿಯಾದ ಮ್ಯಾಡ್ರಿಡ್‌ನಿಂದ ವಾಯವ್ಯಕ್ಕೆ ಸುಮಾರು 200 ಕಿಲೋಮೀಟರು ದೂರದಲ್ಲಿ, ತೋರ್ಮೆಸ್ ನದಿಯ ದಂಡೆಯ ಮೇಲೆ ಸಲಮಾಂಕ ನಗರವಿದೆ. ನದಿಗೆ ಅಡ್ಡಲಾಗಿ ಪ್ರಾಚೀನ ರೋಮನರು ಕಟ್ಟಿದ ಸೇತುವೆಯುಂಟು. ಅದರ 26 ಕಮಾನುಗಳಲ್ಲಿ ನಗರದ ಮಗ್ಗುಲಿನ 15 ಕಮಾನುಗಳು ಆ ಕಾಲದವೇ. ಸೇತುವೆ ದಾಟಿ ಏರುದಾರಿ ಹಿಡಿದವರ ಕಣ್ಣಿಗೆ ಮೊದಲು ಬೀಳುವುದು ಕಟ್ಟಡಗಳ ಹೊಂಬಣ್ಣ. ಸಮೀಪದ ವಿಯಾಮಯೋರ್ ಗಣಿಗಳ ಮರಳುಗಲ್ಲು ಅಗೆದು ತೆಗೆದಾಗ ಮೆದುವಾಗಿದ್ದು ಸೂಕ್ಷ್ಮ ಕೆತ್ತನೆಗೆ ಒಗ್ಗುತ್ತದೆ. ಗಾಳಿ ಬಿಸಿಲುಗಳಿಗೆ ಮೈಯೊಡ್ಡಿದಂತೆ ಗಟ್ಟಿಯಾಗುತ್ತದೆ. ತನ್ನೊಳಗಿನ ಕಬ್ಬಿಣದ ಅಂಶದಿಂದ ಚಿನ್ನದ ಛಾಯೆ ತಳೆಯುತ್ತದೆ.

ನಗರದ ಕೀರ್ತಿಗೆ ಮೂಲವಾದುದು ಅಲ್ಲಿಯ ವಿಶ್ವವಿದ್ಯಾನಿಲಯ. ಲೆಯೋನ್ ರಾಜ್ಯದ ದೊರೆ ಒಂಬತ್ತನೆಯ ಅಲ್ಫೋನ್ಸೋ 1218ರಲ್ಲಿ ಅದನ್ನು ಸ್ಥಾಪಿಸಿದನು. ಹದಿನಾರನೆಯ ಶತಮಾನದ ಅದರ ಮುಂಭಾಗವೆಲ್ಲ ಕುಸುರಿ ಕೆಲಸದಿಂದ ತುಂಬಿದೆ. ಆ ಕೆತ್ತನೆಯ ನಡುವೆ ತಲೆಬುರುಡೆಯ ಮೇಲೆ ಕುಳಿತ ಪುಟ್ಟ ಕಪ್ಪೆಯೊಂದು ಅಡಗಿದೆ. ಅದನ್ನು ಹುಡುಕುವ ಸಂಭ್ರಮದಲ್ಲಿ ಪ್ರವಾಸಿಗರು ತಮ್ಮ ಬೆನ್ನ ಹಿಂದೆಯೇ, ಕೈ ಮುಂದೆ ಚಾಚಿ ನಿಂತಿರುವ ಕಂಚಿನ ಪ್ರತಿಮೆಯನ್ನು ಗಮನಿಸದೆ ಹೋಗುವುದುಂಟು. 1869ರಲ್ಲಿ ಸ್ಥಾಪಿತವಾದ ಆ ಪ್ರತಿಮೆ ಫ್ರಾಯ್ ಲೂಯಿಸ್ ದೆ ಲೆಯೋನ್ ಎಂಬ ಸಂನ್ಯಾಸಿಯದು. ಆತ ಕವಿ, ಹೀಬ್ರೂ ಪಂಡಿತ, ಧರ್ಮಶಾಸ್ತ್ರದ ಅಧ್ಯಾಪಕ.

ಕಟ್ಟಡದ ಒಳಗೆ ಆತನ ಹೆಸರಿನ ಪಾಠದ ಕೊಠಡಿಯೊಂದನ್ನು ಹಳೆಯ ರೂಪದಲ್ಲಿಯೇ ಉಳಿಸಿದ್ದಾರೆ. ಅಲ್ಲಿ ಒರಟಾಗಿ ಕಡಿದ ತೊಲೆಗಳೇ ಬೆಂಚುಗಳು. ಅವುಗಳ ಮೇಲೆ ಹಿಂದಿನ ವಿದ್ಯಾರ್ಥಿಗಳು ಕೊರೆದ ಅಕ್ಷರಗಳು ಕಾಣುತ್ತವೆ. ಎದುರಿಗೆ ಉಪಾಧ್ಯಾಯರ ಎತ್ತರದ ಪೀಠ. ಸ್ಪ್ಯಾನಿಷ್ ಭಾಷೆಯ ಅತ್ಯಂತ ಪ್ರಸಿದ್ಧವಾದ ಕ್ರಿಯಾಪದದ ಕಥೆ ಈ ಕೊಠಡಿಗೆ ಸೇರಿದ್ದು.

ಬೈಬಲಿನ ‘ಪರಮಗೀತೆ’ಯನ್ನು ಫ್ರಾಯ್ ಲೂಯಿಸ್ ಜನರ ಮಾತಾದ ಸ್ಪ್ಯಾನಿಷಿಗೆ ತಂದಿದ್ದನು. ಚರ್ಚು ಮಾನ್ಯ ಮಾಡಿದ ಲ್ಯಾಟಿನ್ ಪಾಠಕ್ಕಿಂತ ಹೀಬ್ರೂ ಮೂಲಕ್ಕೆ ಹೆಚ್ಚು ಬೆಲೆ ಕೊಡುತ್ತಾನೆಂಬ ಆಪಾದನೆಯೂ ಆತನ ಮೇಲಿತ್ತು. ದೂರಿತ್ತವರಲ್ಲಿ ಸಹೋದ್ಯೋಗಿಗಳೇ ಇದ್ದರು. 1572ರ ಮಾರ್ಚಿಯಲ್ಲಿ ಇಂಕ್ವಿಸಿಷನ್ ಎಂಬ ಧರ್ಮವಿಚಾರಣಾ ಮಂಡಲಿ ಆತನನ್ನು ಬಂಧಿಸಿ ವಲ್ಯಾದೊಲಿದ್ ನಗರದ ಸೆರೆಮನೆಗೆ ಕಳುಹಿಸಿತು. ಬಿಡುಗಡೆಯಾದುದು 1576ರ ಡಿಸೆಂಬರಿನಲ್ಲಿ. ಮತ್ತೆ ಪಾಠಕ್ಕೆ ಬಂದ ದಿನ ಆತ ಏನು ಹೇಳುವನೋ ಎಂದು ಕೊಠಡಿ ಕಿಕ್ಕಿರಿದು ತುಂಬಿತ್ತಂತೆ. ಸೆರೆಯ ಸುದ್ದಿಯಿಲ್ಲ, ವೈರಿಗಳ ನಿಂದೆಯಿಲ್ಲ. ಪೀಠವೇರಿದ ಗುರು ಶಾಂತವಾಗಿ “ದೆಥೀಯಾಮೋಸ್ ಅಯೇರ್…”, ಎಂದರೆ “ನಿನ್ನೆ ಹೇಳುತ್ತಿದ್ದೆವು…” ಎಂದು ಪಾಠ ಮುಂದುವರಿಸಿದನೆಂದು ಪ್ರತೀತಿ.

ಈ ಮಾತು ಆತನ ಕಾಲದ ದಾಖಲೆಗಳಲ್ಲಿಲ್ಲ. ಆತ 1591ರಲ್ಲಿ ತೀರಿಕೊಂಡು ಮೂರು ದಶಕಗಳಾದ ಮೇಲೆ ಅಚ್ಚಿನಲ್ಲಿ, ಅದೂ ಲ್ಯಾಟಿನ್ನಿನಲ್ಲಿ, ಕಾಣಿಸಿಕೊಂಡಿತು. ಆದರೂ ಅದನ್ನು ಜನ ಮರೆಯಲಿಲ್ಲ. ಕಾರಣ, ಆ ಕ್ರಿಯಾಪದದ ಕಾಲ.

‘ದೆಥೀರ್’ ಎಂದರೆ ‘ಹೇಳು’. ವರ್ತಮಾನದಲ್ಲಿ ‘ದೀಗೋ’, ಭೂತದಲ್ಲಿ ‘ದೀಹೆ’, ಭವಿಷ್ಯತ್ತಿನಲ್ಲಿ ‘ದಿರೇ’ ಎಂದು ರೂಪ ಬದಲಿಸಿ ಕಲಿಯುವವರನ್ನು ಕಾಡುವ ಈ ಧಾತು, ಅಪೂರ್ಣ ಭೂತಕಾಲದಲ್ಲಿ ಮಾತ್ರ ಬಹು ಸಾಧು. ನಾನು ‘ದೆಥೀಯಾ’, ನೀನು ‘ದೆಥೀಯಾಸ್’, ಅವನು ಅಥವಾ ಅವಳು ಮತ್ತೆ ‘ದೆಥೀಯಾ’, ನಾವು ‘ದೆಥೀಯಾಮೋಸ್’, ನೀವು ‘ದೆಥೀಯಾಯಿಸ್’, ಅವರು ‘ದೆಥೀಯಾನ್’. ಒತ್ತು ಎಲ್ಲದರಲ್ಲಿಯೂ ನಡುವಿನ ‘ಥೀ’ ಮೇಲೆಯೇ. ಲ್ಯಾಟಿನ್ ಅಮೆರಿಕದಲ್ಲಿ ಅದು ‘ಸೀ’ ಆಗುತ್ತದೆ. ಈ ಕಾಲದಲ್ಲಿ ಕ್ರಮ ತಪ್ಪುವ ಧಾತುಗಳು ಇಡೀ ಭಾಷೆಯಲ್ಲಿ ಮೂರೇ: ‘ಇರು’, ‘ಹೋಗು’, ‘ನೋಡು’ ಎಂಬರ್ಥದವು.

ಇದರ ಬಳಕೆ ಕನ್ನಡಿಗರಿಗೆ ಕಷ್ಟವಾಗದು. “ಅಜ್ಜಿ ಕಥೆ ಹೇಳುತ್ತಿದ್ದಳು” ಎಂದರೆ ದಿನವೂ ಹೇಳುವ ರೂಢಿಯಿತ್ತೆಂದೂ ಆಗಬಹುದು, ಹೇಳುವುದು ಆಗ ನಡೆದಿತ್ತೆಂದೂ ಆಗಬಹುದು. ‘ದೆಥೀಯಾ’ ಕೂಡ ಈ ಎರಡನ್ನೂ ಹೊರುತ್ತದೆ. ಒಂದು ಪತ್ರದಲ್ಲಿ ಏನು ಬರೆದಿತ್ತೆಂದು ತಿಳಿಸುವಾಗ ಸ್ಪ್ಯಾನಿಷರು “ಪತ್ರ ಹೇಳುತ್ತಿತ್ತು” ಎನ್ನುತ್ತಾರೆ. ಮಾತು ನಡುವೆ ತಪ್ಪಿದರೆ, “ತಾವು ಏನೋ ಹೇಳುತ್ತಿದ್ದಿರಿ?” ಎಂದು ಮರ್ಯಾದೆಯಿಂದ ಎಳೆ ಹಿಡಿದು ಕೊಡುವುದೂ ಇದೇ ರೂಪದಿಂದ.

ಇದೇ ವಿದ್ಯಾಪೀಠದಲ್ಲಿ ಪಾಠ ಹೇಳಿದ್ದ ಅಂತೋನಿಯೋ ದೆ ನೆಬ್ರಿಹಾ ಎಂಬ ವೈಯಾಕರಣಿ 1492ರಲ್ಲಿ ಸಲಮಾಂಕದಲ್ಲಿಯೇ ತನ್ನ ಸ್ಪ್ಯಾನಿಷ್ ವ್ಯಾಕರಣವನ್ನು ಅಚ್ಚು ಹಾಕಿಸಿದನು. ಆತ ಈ ಕಾಲಕ್ಕೆ ಕೊಟ್ಟ ಹೆಸರು ‘ಮುಗಿಯದ ಭೂತ’. ಫ್ರಾಯ್ ಲೂಯಿಸನ ಮಾತಿನ ಸತ್ತ್ವವೆಲ್ಲ ಈ ಹೆಸರಿನಲ್ಲಿದೆ. “ನಿನ್ನೆ ಹೇಳಿದೆವು” ಎಂದಿದ್ದರೆ ಪಾಠ ಅಂದಿಗೇ ಮುಗಿದಂತಾಗುತ್ತಿತ್ತು. ಅದನ್ನು ಮುಗಿಸಿದ ಕೀರ್ತಿ ಸೆರೆಮನೆಗೆ ಸಲ್ಲುತ್ತಿತ್ತು. “ಹೇಳುತ್ತಿದ್ದೆವು” ಎಂದುದರಿಂದ ಪಾಠ ನಿಲ್ಲಲೇ ಇಲ್ಲ. ಸುಮಾರು ನಾಲ್ಕು ಮುಕ್ಕಾಲು ವರ್ಷಗಳ ಸೆರೆವಾಸ ಒಂದು ರಾತ್ರಿಯಷ್ಟಾಯಿತು. ಅಧಿಕಾರಸ್ಥರು ಅಧ್ಯಾಪಕನ ಬಾಯಿ ಕಟ್ಟಬಲ್ಲವರಾದರು, ಆದರೆ ಆತನ ವಾಕ್ಯಕ್ಕೆ ಪೂರ್ಣವಿರಾಮ ಹಾಕಲಾರದೆ ಹೋದರು.

ಇಪ್ಪತ್ತನೆಯ ಶತಮಾನದಲ್ಲಿ ಈ ಮಾತಿಗೆ ಮತ್ತೊಮ್ಮೆ ಜೀವ ಬಂದಿತು. ಇಲ್ಲಿ ಹಿಂದೆ ಕುಲಪತಿಯಾಗಿದ್ದ ಸಾಹಿತಿ ಮಿಗೆಲ್ ದೆ ಉನಮುನೋ ಅವರನ್ನು 1924ರಲ್ಲಿ ಸರ್ವಾಧಿಕಾರಿ ಪ್ರೀಮೋ ದೆ ರಿವೇರಾ ಗಡೀಪಾರು ಮಾಡಿದನು. 1930ರಲ್ಲಿ ಮರಳಿದ ಅವರೂ “ನಿನ್ನೆ ಹೇಳುತ್ತಿದ್ದೆವು” ಎಂದೇ ಆರಂಭಿಸಿದರೆನ್ನುತ್ತಾರೆ. ಆದರೆ 1936ರ ಅಕ್ಟೋಬರ್ 12ರಂದು ವಿಶ್ವವಿದ್ಯಾನಿಲಯದ ಸಭಾಂಗಣದಲ್ಲಿ, ಅಂತರ್ಯುದ್ಧದ ಉನ್ಮಾದಕ್ಕೆ ಎದುರಾಡಿದ ಅವರು ಮತ್ತೆ ಪದವಿ ಕಳೆದುಕೊಂಡರು. ಆ ಡಿಸೆಂಬರ್ 31ರಂದು ತಮ್ಮ ಮನೆಯಲ್ಲಿಯೇ ಕಣ್ಣು ಮುಚ್ಚಿದರು. ಮೂರನೆಯ ಬಾರಿ ಆ ವಾಕ್ಯವನ್ನು ಎತ್ತಿಕೊಳ್ಳಲು ಅವರಿರಲಿಲ್ಲ.

ಸ್ಪ್ಯಾನಿಷ್ ಕಲಿಯಲೆಂದು ಇಂದು ಹಲವು ದೇಶಗಳ ತರುಣ ತರುಣಿಯರು ಸಲಮಾಂಕಕ್ಕೆ ಬರುತ್ತಾರೆ. ಆರು ರೂಪಗಳನ್ನು ಬಾಯಿಪಾಠ ಮಾಡಲು ಅವರಿಗೆ ಅರ್ಧ ಗಂಟೆ ಸಾಕು. ಎಲ್ಲಿ ‘ಹೇಳಿದೆವು’, ಎಲ್ಲಿ ‘ಹೇಳುತ್ತಿದ್ದೆವು’ ಎಂಬ ವಿವೇಕ ಬರಲು ಬಹಳ ದಿನ ಬೇಕು. ಅದಕ್ಕೆ ಆ ಒರಟು ಬೆಂಚುಗಳ ಕೊಠಡಿಗಿಂತ ಒಳ್ಳೆಯ ಪಾಠಶಾಲೆ ಬೇರೆ ಸಿಗಲಾರದು.